ಪಿಕಪ್ಪಿನ ಅಡಿಯಲ್ಲೊಂದು ಬುಸ್!

"ಈ ಸಲ ನಮ್ಮ ಪಿಕಪ್ಪಿನ ಹಿಂಭಾಗ ಒಂದೇ ಒಂದು ಅಂಗುಲ ಕುಸಿದರೂ ನನ್ನ ಹೆಸರು ವರ್ಲಿನ್ ಟೊಸ್ಟ್ರೂಡ್ ಅಲ್ಲ!"

ಅಂಗಳದಲ್ಲಿ ಸ್ಪ್ಯಾನರ್ ಎತ್ತಿ ಹಿಡಿದು ನಾನು ಘೋಷಿಸಿದೆ. ಮೂಗಿನ ಮೇಲೆ ಗ್ರೀಸ್ ಮೆತ್ತಿತ್ತು. ಕೇಳಿಸಿಕೊಂಡವಳು ನನ್ನ ಹೆಂಡತಿ ಅರ್ಲಿಸ್ ಒಬ್ಬಳೇ.

ಘೋಷಣೆಗೆ ಕಾರಣವಿತ್ತು. ಮಂಚ, ಒಲೆ, ಕಕ್ಕಸು ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡ ನಮ್ಮ ಟ್ರೇಲರನ್ನು ಹಿಂದೆ ಸಿಕ್ಕಿಸಿದರೆ ಸಾಕು, ಪಿಕಪ್ಪು ಹಿಂಗಾಲು ಮಡಿಸಿ ಕೂತ ನಾಯಿಯಂತೆ ಮೂತಿ ಮೇಲೆತ್ತುತ್ತಿತ್ತು.

"ರೀ, ಹೆಡ್‌ಲೈಟು ರಸ್ತೆಗೆ ಬಿಡ್ರೀ, ಮೋಡಕ್ಕೆ ಯಾಕೆ?" ಎಂದು ಅರ್ಲಿಸ್ ಕುಟುಕುತ್ತಿದ್ದಳು.

ಎರಡು ದಿನ ಗಾಡಿಯಡಿ ಅಂಗಾತ ಮಲಗಿ, ಹಿಂದಿನ ಸ್ಪ್ರಿಂಗ್ ಪಟ್ಟಿಗಳ ಮೇಲೆ ಎರಡು ರಬ್ಬರ್ ಗಾಳಿಚೀಲ ಕೂರಿಸಿದೆ. ಗಾಳಿ ತುಂಬಿದೆ. ಆಹಾ! ಟ್ರೇಲರ್ ಹೊತ್ತೂ ಪಿಕಪ್ಪು ಸಿಪಾಯಿಯಂತೆ ಸೆಟೆದು ನಿಂತಿತು!

"ಮೆಕ್ಯಾನಿಕ್‌ಗೆ ಒಂದ್ಸಲ ತೋರಿಸಬಾರದಾ?"

"ಯಾಕೆ, ಅವನೂ ಕಲಿತುಕೊಳ್ಳಲಿ ಅಂತಲಾ?"

ಮರುದಿನ ಅತ್ತೆಯವರ ಎಂಬತ್ತನೇ ಹುಟ್ಟುಹಬ್ಬ. ಬ್ಯಾಡ್‌ಲ್ಯಾಂಡ್ಸ್ ಬೋಳುಗುಡ್ಡಗಳ ಹತ್ತಿರದ ಒಂದು ಶಿಬಿರತಾಣದಲ್ಲಿ ಮಧ್ಯಾಹ್ನ ಮೂರಕ್ಕೆ ನೆಂಟರೆಲ್ಲ ಸೇರುವವರಿದ್ದರು. ಕೊನೆಯ ಎರಡು ಮೈಲಿ ಜಲ್ಲಿ ರಸ್ತೆ ಗಡಗಡ ನಡುಗಿಸಿತಾದರೂ ನನ್ನ ಪಿಕಪ್ಪು ಬಗ್ಗಲಿಲ್ಲ. ತಲುಪಿದ ಕೂಡಲೇ, ಟ್ರೇಲರನ್ನು ಪಿಕಪ್ಪಿನಿಂದ ಬಿಚ್ಚುವ ಮೊದಲೇ, ಅರ್ಲಿಸ್ ಅದರೊಳಗೆ ಹೊಕ್ಕು, ಡಬ್ಬಿಗಳಲ್ಲಿ ತಂದಿದ್ದ ಕೇಕುಗಳನ್ನು ಒಂದರ ಮೇಲೊಂದು ಪೇರಿಸಿ, ಮೂರಂತಸ್ತಿನ ಮಹಲಿಗೆ ಕ್ರೀಮಿನ ಗುಲಾಬಿ ಅರಳಿಸತೊಡಗಿದಳು. ನಾನು ಅಕ್ಕಪಕ್ಕದವರ ಮೆಚ್ಚುಗೆ ಸ್ವೀಕರಿಸಲೆಂದು ಪಿಕಪ್ಪಿನ ಪಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತೆ.

ಸ್‌ಸ್‌ಸ್‌ಸ್... ಗಿಲಗಿಲಗಿಲ!

ಸದ್ದು ನನ್ನ ಕಾಲ ಬಳಿಯೇ, ಪಿಕಪ್ಪಿನ ಅಡಿಯಿಂದ! ಐವತ್ತೆಂಟು ವರ್ಷದ ಈ ದೇಹ ಪಕ್ಕದ ಊಟದ ಮೇಜಿನ ಮೇಲೆ ಯಾವಾಗ ಹಾರಿತೋ ನನಗೇ ತಿಳಿಯದು.

"ಹಾವು! ಬಾಲ ಗಿಲಗಿಲಿಸೋ ಗಿಲಿಕೆ ಹಾವು! ಅರ್ಲಿಸ್, ಬಾಗಿಲು ಹಾಕ್ಕೋ! ಹೊರಗೆ ಕಾಲಿಡಬೇಡ!"

ಒಳಗಿಂದ ಚೀತ್ಕಾರ: "ರೀ! ಕೇಕು ನಡೀತಿದೆ!"

"ಏನು?"

"ಕೇಕು ಕಣ್ರೀ! ತಾನಾಗೇ ಮುಂದಕ್ಕೆ ಜಾರ್ತಿದೆ!"

"ಅದನ್ನ ಬಿಟ್ಟಾಕೇ! ಇಲ್ಲಿ ಸಾವು ಬುಸುಗುಟ್ತಿದೆ!"

"ಹೇಗ್ರೀ ಬಿಡೋದು? ಅಮ್ಮ ಇನ್ನರ್ಧ ಗಂಟೇಲಿ ಬರ್ತಾಳೆ! ಎರಡೂ ಕೈಲಿ ತಬ್ಕೊಂಡು ನಿಂತಿದೀನಿ!"

ಅಷ್ಟರಲ್ಲಿ ಇನ್ನೊಂದು ದೃಶ್ಯ ಕಂಡೆ. ಪಿಕಪ್ಪಿನ ಹಿಂಭಾಗ ನಿಧಾನವಾಗಿ, ಅಂಗುಲ ಅಂಗುಲವಾಗಿ ಕೆಳಗಿಳಿಯುತ್ತಿತ್ತು! ಅದರ ಜೊತೆ ಟ್ರೇಲರಿನ ಮೂತಿಯೂ!

"ಅಯ್ಯಯ್ಯೋ! ಗಾಡಿಯನ್ನೇ ಎಳೀತಿದೆ! ಇದು ಸಣ್ಣ ಹಾವಲ್ಲ!"

ಶಿಬಿರತಾಣವೇ ಎದ್ದು ಓಡಿತು. ಒಬ್ಬ ತನ್ನ ಕಾರಿನ ಮೇಲೇರಿದ. ಇನ್ನೊಬ್ಬ ಬಾಣಲೆ ಹಿಡಿದು, ತನ್ನ ಹೆಂಡತಿಯ ಬೆನ್ನ ಹಿಂದೆ ನಿಂತ. ಯಾರೋ ಫೋನ್ ಮಾಡಿದ್ದರಿಂದ ತಾಣದ ರೇಂಜರ್ ಜುನೆಲ್ ಮೇಡಂ ಬಂದರು. ಮೊಣಕಾಲಿನ ತನಕ ಬೂಟು, ಕೈಯಲ್ಲಿ ಮಾರುದ್ದದ ಚಿಮುಟ. ಮೂವತ್ತು ವರ್ಷ ಹಾವು ಹಿಡಿದ ಹೆಂಗಸು. ನೆಲಕ್ಕೆ ಮಲಗಿ ಕೆಳಗೆ ಇಣುಕಿದರು. ಚಿಮುಟ ಒಳಗೆ ಹೋಯಿತು. ಚಕ್ಕನೆ ಎಳೆದರು. ಗಿಲಗಿಲ ನಿಂತಿತು!

ಚಿಮುಟದ ತುದಿಯಲ್ಲಿದ್ದದ್ದು ಒಂದು ಹಳದಿ ಪ್ಲಾಸ್ಟಿಕ್ ಚೀಟಿ.

ಮೇಡಂ ಕನ್ನಡಕ ಏರಿಸಿ ಎಲ್ಲರಿಗೂ ಕೇಳುವಂತೆ ಓದಿದರು: "'ಈ ನಟ್ಟನ್ನು ಪೂರ್ತಿ ಬಿಗಿ ಮಾಡಿದ ಮೇಲೆ ಚೀಟಿ ಕಿತ್ತುಹಾಕಿ.' ಸಾರ್, ಗಾಳಿಚೀಲದ ನಟ್ಟು ಸಡಿಲ ಆಗಿದೆ. ಸೋರೋ ಗಾಳಿಗೆ ಈ ಚೀಟಿ ಪಟಪಟ ಹೊಡ್ಕೊಳ್ತಿತ್ತು, ಅಷ್ಟೆ. ಇನ್ನು ಕೆಳಗಿಳೀಬಹುದು."

ಇಳಿದೆ. ಹತ್ತುವಾಗ ಅಡಿಯಷ್ಟೇ ಎತ್ತರವಿದ್ದಂತಿದ್ದ ಆ ಮೇಜು ಇಳಿಯುವಾಗ ಬೆಟ್ಟವಾಗಿತ್ತು. ಟ್ರೇಲರಿನ ಬಾಗಿಲು ತೆರೆಯಿತು. ಮೊಣಕೈತನಕ ಕ್ರೀಮು, ಕೂದಲಲ್ಲೊಂದು ಗುಲಾಬಿ, ಮಹಲಿನ ಮೂರನೇ ಅಂತಸ್ತು ಎದೆಯ ಮೇಲೆ! ಮಿಕ್ಕೆರಡನ್ನು ಅರ್ಲಿಸ್ ಹೇಗೋ ಉಳಿಸಿದ್ದಳು.

ಜುನೆಲ್ ಮೇಡಂ ಜೇಬಿನಿಂದ ಪುಸ್ತಕ ತೆಗೆದರು. "ಹಾವು ಅಂತ ಫೋನ್ ಬಂದ್ರೆ ನಾನು ಬರೀಲೇಬೇಕು. 'ಕಂಡುಬಂದ ಪ್ರಾಣಿ' ಅಂತ ಒಂದು ಕಾಲಂ ಇದೆ. ಏನು ಹಾಕ್ಲಿ?"



ಅರ್ಲಿಸ್ ಎದೆಯ ಮೇಲಿನ ಕ್ರೀಮನ್ನು ಬೆರಳಿಂದ ತೆಗೆದು ಚೀಪುತ್ತ ಹೇಳಿದಳು: "'ಗಂಡ' ಅಂತ ಬರ್ಕೊಳ್ಳಿ ಮೇಡಂ. ಬುಸುಗುಟ್ಟೋದು ಜಾಸ್ತಿ, ವಿಷ ಇಲ್ಲ."