ಕೊಂಡವಾಡಕ್ಕೆ ಬಂದ ಗ್ಲೈಡರ್

"ಬಾಲ ಐತಿ, ರೆಕ್ಕಿ ಐತಿ. ಇನ್ನೇನು ಬೇಕು ನಿನಗ, ಕೊಂಬು?"

ಅಮರಗುಂಡಪ್ಪ ಹೀಗೆ ರೇಗುತ್ತಿದ್ದಂತೆ ದಾವಲ್‌ಸಾಬ್ ದಫ್ತರ ಬಿಚ್ಚಿದ. ಬೆಳೆಗೆ ಬಿದ್ದ ತುಡುಗು ದನಗಳನ್ನು ಕೂಡಿಹಾಕುವ ಮಸ್ಕಿಯ ಕೊಂಡವಾಡಕ್ಕೆ ಅವನೇ ಕಾವಲುಗಾರ. ನಿಜಾಮನ ಆಳ್ವಿಕೆ ಹೋಗಿ ಏಳು ವರ್ಷವಾದರೂ ಕೀಲಿಕೈ ಅವನ ಸೊಂಟ ಬಿಟ್ಟಿರಲಿಲ್ಲ. ಇಂದು ಬಾಗಿಲಿಗೆ ಬಂದದ್ದು ಎಂಜಿನ್ನಿಲ್ಲದ ವಿಮಾನ. ಬೆಳಿಗ್ಗೆ ತನ್ನ ಜೋಳದ ಹೊಲದಲ್ಲಿ ಇಳಿದ ಅದನ್ನು ಅಮರಗುಂಡಪ್ಪ ಎತ್ತು ಕಟ್ಟಿ ಎಳೆದು ತಂದಿದ್ದ.

ದಾವಲ್‌ಸಾಬ್: ಎತ್ತು, ಎಮ್ಮಿ, ಕತ್ತಿ, ಆಡು. ಖಾನೆ ಇಷ್ಟಽ ಅದಾವ ಗೌಡ್ರ. ಇದನ್ನ ಯಾವುದರಾಗ ಬರೀಲಿ?

ಅಮರಗುಂಡಪ್ಪ: ಗ್ಲೈಡರ್ ಅಂತ ಬರಿ.

ದಾವಲ್‌ಸಾಬ್: ಹಂಗಂದ್ರ?

ಅಮರಗುಂಡಪ್ಪ: ಸಪ್ಪಳಿಲ್ಲದ ಜಾರೋದು ಅಂದ್ರು ಸಾಲಿ ಮಾಸ್ತರು.

ದಾವಲ್‌ಸಾಬ್: ಕೆಲಸ ಅಂದ್ರ ನಮ್ಮ ಅಳಿಯನೂ ಹಂಗಽ ಜಾರ್ತಾನ. ಅವನ್ನೂ ಕೂಡಿಹಾಕ್ಲೇನು?

ಅಮರಗುಂಡಪ್ಪ: ಪರದೇಶದಾಗ ತೂಗೋ ಕುರ್ಚಿಗೂ ಅದಽ ಹೆಸರಂತ. ಮರದಿಂದ ಮರಕ್ಕ ತೇಲೋ ಒಂದು ಪ್ರಾಣಿಗೂ ಅಂತಾರಂತ.

ದಾವಲ್‌ಸಾಬ್: ಕುರ್ಚಿ ಆದ್ರ ನಾ ಕೂಡ್ತೀನಿ. ಪ್ರಾಣಿ ಆದ್ರ ಏನು ತಿಂತೈತಿ ಹೇಳ್ರಿ. ಒಳಗ ಹಾಕಿದ್ದಕ್ಕ ಮೇವು ಹಾಕಬೇಕು.

ಅಮರಗುಂಡಪ್ಪ: ತಿನ್ನಂಗಿಲ್ಲ, ತುಳೀತೈತಿ. ತೆನಿ ಬಿಟ್ಟ ಜೋಳ ನಾಕು ಸಾಲು ಮಲಗ್ಯಾವ. ಇದನ್ನ ಹಾರಿಸ್ಕೊಂಡು ಬಂದವನ್ನ ಸುಮ್ಮನ ಬಿಟ್ರ ನಾಳೆ ಅವನ ದೋಸ್ತರೆಲ್ಲಾ ನನ್ನ ಹೊಲದಾಗಽ ಇಳೀತಾರ. ಊರಮಂದಿ ಮುಂದ ಕೈಮುಗಿದು ಬಿಡಿಸ್ಕೊಂಡು ಹೋಗ್ಲಿ.

ದಾವಲ್‌ಸಾಬ್: ಎಲ್ಲದಾನ ಅವ?

ಅಮರಗುಂಡಪ್ಪ: ತಂತಿ ಕೊಡಾಕ ಸಿಂಧನೂರಿನ ಬಸ್ ಹತ್ಯಾನ.

ದಾವಲ್‌ಸಾಬ್: ವಿಮಾನದಾಗ ಬಂದು ಬಸ್ಸಿನಾಗ ಹೋದ. ದೇಶ ಮುಂದ ಹೊಂಟೈತಿ ಬಿಡ್ರಿ.

ದಾವಲ್‌ಸಾಬ್ ಎದ್ದು ರೆಕ್ಕೆಗಳನ್ನು ಈ ತುದಿಯಿಂದ ಆ ತುದಿಯವರೆಗೆ ಹೆಜ್ಜೆಹಾಕಿ ಅಳೆದ. ಆಮೇಲೆ ಎತ್ತುಗಳ ಬಾಯಿ ನೋಡಿದ. ಎರಡೂ ಏನನ್ನೋ ಹಾಯಾಗಿ ಅಗಿಯುತ್ತಿದ್ದವು.

ದಾವಲ್‌ಸಾಬ್: ಗೌಡ್ರ, ಬಂಡಿ ದಾರಿಗೆ ಎರಡೂ ಕಡೆ ಜಾಲಿ ಬೇಲಿ. ಇಷ್ಟಗಲ ರೆಕ್ಕಿ ಅದರಾಗ ಹೆಂಗ ಹಿಡೀತು?

ಅಮರಗುಂಡಪ್ಪ: ಎಲ್ಲಿ ಹಿಡೀತೈತಿ? ಹೊಲ ಹಾದು ಬಂದೆ.

ದಾವಲ್‌ಸಾಬ್: ಯಾರ ಹೊಲ?

ಉತ್ತರ ಬೇವಿನ ನೆರಳಿನಿಂದ ಬಂತು. ಪಕ್ಕದ ಹೊಲದ ಕಸ್ತೂರೆಮ್ಮ ಬೇರುಸಹಿತ ಎದ್ದ ಕಡಲೆ ಗಿಡಗಳನ್ನು ಉಡಿಯಲ್ಲಿಟ್ಟುಕೊಂಡು ಆಗಿನಿಂದ ಅಲ್ಲೇ ಕೂತಿದ್ದಳು.

ಕಸ್ತೂರೆಮ್ಮ: ನಂದು. ಅವನ ಗಾಡಿ ಈ ಮಾವನ ಜೋಳ ನಾಕು ಸಾಲು ತುಳೀತು, ಮಾವನ ಎತ್ತು ನನ್ನ ಹೊಲಾನಽ ಮೇದಾವ.

ದಾವಲ್‌ಸಾಬನ ಮುಖ ಅರಳಿತು. ಕೊನೆಗೂ ಖಾನೆ ಸಿಕ್ಕಿತ್ತು. ಹಗ್ಗ ಬಿಚ್ಚಿ ಎತ್ತುಗಳನ್ನು ಒಳಗೆ ಹೊಡೆದು, ಕೀಲಿ ಹಾಕಿ, 'ಎತ್ತು, ಎರಡು' ಎಂದು ಬರೆದ.

ಅಮರಗುಂಡಪ್ಪ: ಲೇ, ನಾ ಕೂಡಿಹಾಕಾಕ ತಂದಿದ್ದು ಇದನ್ನ.

ಕಸ್ತೂರೆಮ್ಮ: ನೀವಽ ಹೇಳಿದ್ರಲ್ಲ ಮಾವ, ಊರಮಂದಿ ಮುಂದ ಕೈಮುಗೀಬೇಕಂತ. ನನಗೇನು ಅವಸರಿಲ್ಲ.

ಅಮರಗುಂಡಪ್ಪ: ಎತ್ತಿಲ್ಲದ ಈ ಗ್ಲೈಡರ್ ಹೆಂಗ ಒಯ್ಯಲಿ?

ದಾವಲ್‌ಸಾಬ್: ಹಾರಿಸ್ಕೊಂಡು ಹೋಗ್ರಿ. ಮ್ಯಾಗ ಯಾರ ಹೊಲಾನೂ ಇಲ್ಲ.