ಮಾಮ ವಿಚಾರ ಮಾಡುತ್ತಿದ್ದಾನೆ

ನಮ್ಮ ಮಾಮ ಸ್ವಲ್ಪ ದಡ್ಡನಾಗಿ ಹುಟ್ಟಿದ್ದರೆ ನಮ್ಮ ಮನೆಯ ಹೆಂಗಸರೆಲ್ಲ ಇನ್ನೂ ಹತ್ತು ವರ್ಷ ಹೆಚ್ಚಿಗೆ ಬದುಕುತ್ತಿದ್ದರು. ಇದನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ಬೇರೆ ಮನೆಗಳಲ್ಲಿ ಮಗ ಕುಡಿದು ಬಂದರೆ, ಇಸ್ಪೀಟಿಗೆ ಕೂತರೆ ತಾಯಂದಿರು ಎದೆ ಹಿಡಿದುಕೊಳ್ಳುತ್ತಾರೆ. ನಮ್ಮ ಆಯಿ, ಅಂದರೆ ನನ್ನ ತಾಯಿಯ ತಾಯಿ, ಮಗ ಕಟ್ಟೆಯ ಮೇಲೆ ಕಂಬಕ್ಕೊರಗಿ ಸುಮ್ಮನೆ ಕೂತದ್ದು ಕಂಡರೂ ಎದೆ ಹಿಡಿದುಕೊಳ್ಳುತ್ತಿದ್ದಳು. "ಯವ್ವಾ, ವಿಚಾರಕ್ಕ ಕುಂತಾನ ನೋಡ್ರೇ! ಯಾರರ ಹೋಗಿ ಮಾತಾಡಿಸ್ರೇ!"

ಮಾತಾಡಿಸಿದವರ ಗತಿ ಏನಾಗುತ್ತಿತ್ತು ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ಗದಗಿನ ಕಡೆ ಯಾವುದೋ ಮದುವೆಗೆ ನಾವೆಲ್ಲ ಕೊಪ್ಪಳಕ್ಕೆ ಹೋಗಿ ರೈಲು ಹಿಡಿಯಬೇಕಿತ್ತು. ಚಕ್ಕಡಿ ಹತ್ತುವ ಹೊತ್ತಿಗೆ ನಮ್ಮಪ್ಪ ಸೀನಿದ. ಎಲ್ಲರೂ ಪದ್ಧತಿಯಂತೆ ಒಂದು ಗಳಿಗೆ ಕೆಳಗೆ ಕೂತೆವು. ಮಾಮ ಒಬ್ಬನೇ ನಿಂತಿದ್ದ.

"ಭಾವಾ, ಸೀನಿದವ್ರು ನೀವು. ನಾವ್ಯಾಕ ಕುಂದ್ರಬೇಕು?"

"ಪದ್ಧತಿ ಐತಪಾ, ಕುಂದ್ರು."

"ಯಾರ ಪದ್ಧತಿ?"

"ಹಿರೇರ್ದು."

"ಯಾವ ಹಿರೇರು? ಅವ್ರು ಅವತ್ತ ಎಲ್ಲಿಗೆ ಹೊಂಟಿದ್ರು? ಸೀನಿದ್ದಕ್ಕ ಕುಂತ್ರೋ, ಸೊಂಟ ಹಿಡದಿತ್ತಂತ ಕುಂತ್ರೋ? ಕೇಳೀರೇನು?"

ಅಪ್ಪ ಕೇಳಿರಲಿಲ್ಲ. ಕೇಳಿದವರು ಯಾರಿದ್ದಾರೆ ಹೇಳಿ! ಆದರೂ ಅಪ್ಪ ಉತ್ತರ ಕೊಡಲು ಹೋದ, ಮಾಮ ಅದಕ್ಕೆ ಮತ್ತೊಂದು ಪ್ರಶ್ನೆ ಹಾಕಿದ. ಗಳಿಗೆ ಹೋಗಿ ತಾಸಾಯಿತು. ನಾವು ಕೊಪ್ಪಳ ಮುಟ್ಟುವಷ್ಟರಲ್ಲಿ ರೈಲು ಹೋಗಿ, ಹೊಗೆಯೂ ಉಳಿದಿರಲಿಲ್ಲ. ಖಾಲಿ ಪ್ಲಾಟ್‌ಫಾರ್ಮಿನ ಮೇಲೆ ನಿಂತು ಅಪ್ಪ ಗೆದ್ದವನ ಹಾಗೆ ಹೇಳಿದ: "ನೋಡಿದಿಲ್ಲೋ? ಸೀನಿದ್ದು ಖರೇ ಆತು!"

ನೀವು ನಗಬಹುದು. ನಾನು ನಗುವ ಹಾಗಿರಲಿಲ್ಲ. ಯಾಕೆಂದರೆ ಈ ಮಹಾನುಭಾವನಿಗೇ ನನ್ನನ್ನು ಕೊಟ್ಟಾಗಿತ್ತು! ನಮ್ಮ ಕಡೆ ಅಕ್ಕನ ಮಗಳ ಮೇಲೆ ಸೋದರಮಾವನ ಹಕ್ಕು ಮೊದಲು. ನನ್ನನ್ನು ತೊಟ್ಟಿಲಿಗೆ ಹಾಕಿದ ದಿನವೇ ಆಯಿ ನನ್ನ ಕಿವಿಯಲ್ಲಿ ಹೆಸರು ಹೇಳಿ, ಒಂಬತ್ತು ವರ್ಷದ ತನ್ನ ಮಗನನ್ನು ಪಕ್ಕಕ್ಕೆ ಕರೆದು, "ಇಕಿ ನಮ್ಮಾಕಿ" ಅಂದಿದ್ದಳಂತೆ. ಅವನು ಆಗ ಚುರುಮುರಿ ತಿನ್ನುತ್ತಿದ್ದನಂತೆ. ನಾನು ಅಳುತ್ತಿದ್ದೆನಂತೆ. ಮುಂದೆ ನಡೆದದ್ದನ್ನೆಲ್ಲ ನೋಡಿದರೆ ನನಗೆ ಆಗಲೇ ಎಷ್ಟು ತಿಳುವಳಿಕೆ ಇತ್ತು ಅನ್ನಿಸುತ್ತದೆ.

ಮಾಮನಿಗೆ ಈ ವಿಚಾರದ ಗೀಳು ಹತ್ತಿದ್ದು ಅವನಪ್ಪ ತೀರಿಕೊಂಡಾಗ. ಅಪ್ಪನ ಕೋಟು ಮಗನಿಗೆ ಬಂತು. ಅಪ್ಪ ಆಜಾನುಬಾಹು, ಮಗ ಕಡ್ಡಿ. ದರ್ಜಿಯ ಹತ್ತಿರ ಕೂತು ಕೋಟು ಬಿಚ್ಚಿಸಿ ಮತ್ತೆ ಹೊಲಿಸುವಾಗ ಅವನಿಗೆ ಹೊಳೆಯಿತಂತೆ. ಮನೆಗೆ ಬಂದವನೇ ಆಯಿಯ ಮುಂದೆ ನಿಂತ. "ಯವ್ವಾ, ಅಪ್ಪನ ಕೋಟು ನನ್ನ ಮೈಗೆ ಬರಲಿಲ್ಲ. ಅಪ್ಪನ ಸಿಟ್ಟು, ಅಪ್ಪನ ಅಂಜಿಕಿ, ಅಪ್ಪನ ನೇಮ ಹೆಂಗ ಬರ್ತಾವ? ಒಂದೊಂದಾಗಿ ಬಿಚ್ಚಿ ನೋಡ್ತೀನಿ. ಬಂದದ್ದು ಇಟ್ಕೊಂತೀನಿ, ಬಾರದ್ದು ಬಿಡ್ತೀನಿ. ಮನುಷ್ಯಾ ತನ್ನ ತಾ ದಾಟಬೇಕು."

"ದಾಟಪ್ಪಾ," ಅಂದಳು ಆಯಿ. "ಮೊದಲ ಉಂಡು ದಾಟು."

ಅಂದಿನಿಂದ ನಮ್ಮ ಮನೆತನದ ಒಂದೊಂದೇ ಪದ್ಧತಿ ಅವನ ಮುಂದೆ ಕೈಕಟ್ಟಿ ನಿಲ್ಲಬೇಕಾಯಿತು. ತೊಟ್ಟಿಲಿನ ಮಾತಿನ ಪಾಳಿ ಯಾವಾಗ ಬರುತ್ತದೆಯೋ ಎಂದು ಆಯಿಗೂ ಅವ್ವನಿಗೂ ಜೀವದಲ್ಲಿ ಜೀವವಿರಲಿಲ್ಲ. ಅವನು ಒಲ್ಲೆ ಅಂದುಬಿಟ್ಟರೆ ಎಂಬ ಚಿಂತೆ ಅವರದು. ಹೂಂ ಅಂದುಬಿಟ್ಟರೆ ಎಂಬ ಚಿಂತೆ ನನ್ನದು! ಹೀಗಾಗಿ ಗಂಗಾವತಿಯಿಂದ ಮಾಮನ ಸುದ್ದಿ ಬಂದಾಗೆಲ್ಲ ಕುಷ್ಟಗಿಯ ನಮ್ಮ ಮನೆಯಲ್ಲಿ ಎಲ್ಲರೂ ದೇವರಿಗೆ ದೀಪ ಹಚ್ಚುತ್ತಿದ್ದೆವು, ಬೇಡಿಕೆ ಮಾತ್ರ ಬೇರೆ ಬೇರೆ.

ಅವನ ಕಸುಬನ್ನಾದರೂ ನೋಡಿ. ಗಂಗಾವತಿಯ ಕಚೇರಿಯ ಮುಂದೆ ಬೇವಿನ ಗಿಡದ ಕೆಳಗೆ ಚಾಪೆ ಹಾಸಿ ಕೂತು ಮಂದಿಗೆ ಅರ್ಜಿ ಬರೆದುಕೊಡುವುದು. ಆಗಿನ ನಿಜಾಮರ ರಾಜ್ಯದಲ್ಲಿ ಎಲ್ಲ ಕಾರಭಾರವೂ ಉರ್ದುವಿನಲ್ಲಿ. ಕನ್ನಡ ಆಡುವ ರೈತ ತನ್ನ ಸಂಕಟ ಹೇಳಬೇಕು, ಇವನು ಅದನ್ನು ಉರ್ದುವಿಗೆ ಇಳಿಸಬೇಕು. ಅವನ ಅಕ್ಷರ ಮುತ್ತಿನಂತಿತ್ತು. ಆದರೆ ಅಕ್ಷರದವರೆಗೆ ಮುಟ್ಟಿದವರು ಎಷ್ಟು ಮಂದಿ!

ಒಮ್ಮೆ ನವಲಿಯ ರೈತನೊಬ್ಬ ದಾಯಾದಿಯ ಮೇಲೆ ಫಿರ್ಯಾದು ಬರೆಸಲು ಬಂದ. ಬದುವಿನ ಮೇಲಿನ ಗಿಡದ ತಕರಾರು. ಮಾಮ ಲೆಕ್ಕಣಿಕೆ ಮಸಿಯಲ್ಲಿ ಅದ್ದಿ, ಬರೆಯದೆ, ಕೇಳಿದ: "ಈ ಜಗಳ ನಿಂದೋ, ನಿಮ್ಮಪ್ಪಂದೋ?"

"ನಮ್ಮಜ್ಜನ ಕಾಲದ್ದು ರೀ."

"ಅಂದ್ರ ನಿನಗ ಅವನ ಮ್ಯಾಲೆ ಏನೂ ಸಿಟ್ಟಿಲ್ಲ?"

ರೈತ ಬಹಳ ಹೊತ್ತು ತಲೆ ಕೆರೆದುಕೊಂಡ. ಆಮೇಲೆ ಅವನ ಕಣ್ಣಲ್ಲಿ ನೀರು ಬಂತು. ಚಿಕ್ಕವರಿದ್ದಾಗ ಇಬ್ಬರೂ ಒಂದೇ ಎಮ್ಮೆಯ ಮೇಲೆ ಕೂತು ಹಳ್ಳಕ್ಕೆ ಹೋಗುತ್ತಿದ್ದರಂತೆ. ಅರ್ಜಿ ಬಿಟ್ಟು ಎದ್ದು ನೆಟ್ಟಗೆ ದಾಯಾದಿಯ ಮನೆಗೆ ಉಣ್ಣಲು ಹೋದ. ಮಾಮನಿಗೆ ಹಿಡಿಸಲಾರದಷ್ಟು ಸಂತೋಷ. ಮರುವಾರ ಹುಲಿಹೈದರದಿಂದ ಇನ್ನೊಬ್ಬ ಬಂದ. ಅವನಿಗೂ ಅದೇ ಪ್ರಶ್ನೆ. "ವಿಚಾರ ಮಾಡಿ ಬರ್ತೀನ್ರಿ" ಎಂದು ಹೋದವನು ಮೂರನೇ ದಿನ ತಿರುಗಿ ಬಂದ. "ಮಾಡಿದೆ ರೀ. ನಮ್ಮಪ್ಪನ ಜಗಳ ಬಿಟ್ಟೆ. ವಿಚಾರ ಮಾಡಾಕ ಕುಂತ್ರ ನನ್ನವs ಮೂರು ಸಿಕ್ಕಾವ. ಮೂರೂ ಬರೀರಿ!"

ಒಂದು ಬೇಸಿಗೆಯಲ್ಲಿ ನಾನೂ ಅವ್ವನೂ ಗಂಗಾವತಿಗೆ ಹೋದೆವು. ಆಗ ಅವನ ಮುಂದೆ ನಿಂತಿದ್ದ ಪದ್ಧತಿ, ಗಂಡಸರು ಮೊದಲು ಉಣ್ಣುವುದು. "ಬೇಯಿಸಿದವ್ರು ಮೊದಲ ಉಣ್ಣಲಿ. ನೀವು ಉಣ್ಣೂತನಾ ನಾ ಉಣ್ಣಂಗಿಲ್ಲ" ಅಂದ. ಮಗ ಉಣ್ಣದೆ ಆಯಿ ಉಣ್ಣುವವಳಲ್ಲ. ಆಯಿ ಉಣ್ಣದೆ ಅವ್ವ ಉಣ್ಣುವವಳಲ್ಲ. ಅವ್ವ ಉಣ್ಣದೆ ನಾನು ಉಣ್ಣುವ ಹಾಗಿಲ್ಲ. ಬುಟ್ಟಿಯ ತುಂಬ ಬಿಸಿ ರೊಟ್ಟಿ, ಗಡಿಗೆಯ ತುಂಬ ಪುಂಡಿಪಲ್ಲೆ, ಸುತ್ತ ನಾಲ್ಕು ಜನ ಉಪವಾಸ! ಹೊತ್ತು ಇಳಿಯುತ್ತ ಬಂತು. ಇವನನ್ನು ಕಟ್ಟಿಕೊಂಡರೆ ನನ್ನ ಗತಿ ದಿನವೂ ಇದೇ ಅಲ್ಲವೇ ಎಂದು ನಾನು ಹೊಟ್ಟೆ ಹಿಡಿದುಕೊಂಡು ಅಳುವುದೊಂದು ಬಾಕಿ. ಕೊನೆಗೆ ಆಯಿ ಒಂದು ತುತ್ತು ಮುರಿದು, ಅವನ ಕಣ್ಣೆದುರೇ ಬಾಯಿಗೆ ಹಾಕಿಕೊಂಡು ಕತ್ತು ಅಲ್ಲಾಡಿಸಿದಳು. ಗೆದ್ದೆ ಎಂದು ಮಾಮ ಎಂಟು ರೊಟ್ಟಿ ಉಂಡ. ಆಯಿಯ ಕೆನ್ನೆಯೊಳಗಿದ್ದ ತುತ್ತು ಅವನು ಕೈ ತೊಳೆದ ಮೇಲೆಯೇ ಗಂಟಲಿಗೆ ಇಳಿಯಿತು.

ಪದ್ಧತಿಗಳ ಜೊತೆಗೆ ತನ್ನ ಅಂಜಿಕೆಗಳನ್ನೂ ಅವನು ವಿಚಾರಣೆಗೆ ನಿಲ್ಲಿಸಿದ. ಪ್ರತಿ ಸೋಮವಾರ ತಾನು ಅಂಜುವ ಒಂದು ಕೆಲಸ ಮಾಡುವುದು. ಅವನಿಗೆ ಎಲ್ಲಕ್ಕಿಂತ ದೊಡ್ಡ ಅಂಜಿಕೆ, ಮಂದಿ ನಕ್ಕಾರು ಎಂಬುದು. ಸರಿ, ಒಂದು ಸೋಮವಾರ ರುಮಾಲು ಗೂಟಕ್ಕೆ ಹಾಕಿ, ಬರಿದಲೆಯಲ್ಲಿ ಬಜಾರದ ಈ ತುದಿಯಿಂದ ಆ ತುದಿಗೆ ನಡೆದ. ಮಂದಿ ನಗಲಿಲ್ಲ. ಆಗಿನ ಕಾಲದಲ್ಲಿ ಮರ್ಯಾದಸ್ಥ ಗಂಡಸು ಬರಿದಲೆಯಲ್ಲಿ ಬೀದಿಗೆ ಬಂದರೆ ಒಂದೇ ಅರ್ಥ, ಮನೆಯಲ್ಲಿ ಸಾವಾಗಿದೆ. ಮತ್ತೆ ಅವನ ಮನೆಯಲ್ಲಿ ಇದ್ದವರಾದರೂ ಯಾರು? ಆಯಿ ಒಬ್ಬಳೇ!

ಅಂಗಡಿಗಳು ಬಾಗಿಲು ಹಾಕಿದವು. ಓಣಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಬಂದರು. ಮುಂದಿನವಳು "ಹೋದ್ಯಲ್ಲವ್ವಾ, ಕೈ ತುಂಬ ನೀಡೋ ತಾಯಿ!" ಎಂದು ಹೊಸ್ತಿಲಲ್ಲೇ ಹಾಡಿ ಅಳತೊಡಗಿದಳು. ಒಳಗೆ ಬೀಸುತ್ತಿದ್ದ ಆಯಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ಯಾರು ಸತ್ತರೋ ಎಂದು ತಾನೂ ಅಳಲು ಶುರು ಮಾಡಿದಳು. ಯಾರು ಎಂದು ಕೇಳುವ ಹೊತ್ತಿಗೆ ಅಳು ಅರ್ಧ ಮುಗಿದಿತ್ತು. ಅತ್ತವರು ಸೆರಗು ಸರಿಸಿ ಆಯಿಯನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದರು. "ಸತ್ತಾಕಿ ನಾನs ಏನ್ರೇ? ಹಂಗಾರ ಕುಂದ್ರಿ, ಚಾ ಕುಡದು ಹೋಗ್ರಿ" ಅಂದಳು ಆಯಿ. ಆ ದಿನ ಮೂವತ್ತು ಮಂದಿಗೆ ಚಹಾ ಕಾಸಿದಳು. ಮಾಮನಿಗೆ ಮಾತ್ರ ಕೊಡಲಿಲ್ಲ.

ಇಷ್ಟರಲ್ಲಿ ನನಗೆ ಹತ್ತೊಂಬತ್ತು ತುಂಬಿತು. ಆಗಿನ ಲೆಕ್ಕದಲ್ಲಿ ಅದು ಮೊಮ್ಮಕ್ಕಳನ್ನು ಎಣಿಸುವ ವಯಸ್ಸು ಅಂದರೂ ನಡೆದೀತು! ನೀರಿಗೆ ಹೋದಲ್ಲಿ, ಬೀಸುವಲ್ಲಿ, ಎಲ್ಲಿ ನೋಡಿದರೂ ಒಂದೇ ಪ್ರಶ್ನೆ: "ಯಾವಾಗಬೇ ನಿಮ್ಮ ಮಾಮನ ವಿಚಾರ ಮುಗಿಯೂದು?" ಅವ್ವನಿಗೆ ಅನ್ನ ಸೇರುತ್ತಿರಲಿಲ್ಲ. ನನಗೋ ಕನಸಿನಲ್ಲೂ ಮಾಮ ಬಂದು, ತಾಳಿ ಕೈಯಲ್ಲಿ ಹಿಡಿದು, ಇದನ್ನು ಮೊದಲು ಕಟ್ಟಿದವರು ಯಾರು ಎಂದು ಕೇಳುತ್ತಿದ್ದ. ಒಲ್ಲೆ ಎನ್ನುವುದಂತೂ ನನ್ನ ಕೈಲಿರಲಿಲ್ಲ. ಸೋದರಮಾವನನ್ನು ಬೇಡವೆಂದ ಹುಡುಗಿಯನ್ನು ಆ ಸೀಮೆಯಲ್ಲಿ ಯಾರೂ ಮನೆ ತುಂಬಿಸಿಕೊಳ್ಳುತ್ತಿರಲಿಲ್ಲ. ಅವಳ ನಡತೆಯ ಮೇಲೇ ಮಾತು ಬರುತ್ತಿತ್ತು.

ಸುಗ್ಗಿ ಮುಗಿದ ಮೇಲೆ ಆಯಿ ಮಗನನ್ನು ಕರೆದುಕೊಂಡೇ ಕುಷ್ಟಗಿಗೆ ಬಂದಳು. ಈ ಸಲ ಮುಹೂರ್ತ ಇಟ್ಟೇ ಹೋಗುವುದೆಂದು ಹಟ. ಒಳಗೆ ಆಯಿಯೂ ಅವ್ವನೂ ಸೀರೆಯ ಮಾತಾಡುತ್ತಿದ್ದರು. ನಾನು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದೆ. ಮಾಮ ಬಂದು ಎರಡು ಮಾರು ದೂರದಲ್ಲಿ ಕೂತ. ಅವತ್ತು ಅವನು ಗಡ್ಡ ಹೆರೆಸಿಕೊಂಡು, ಮಡಿ ಧೋತರ ಉಟ್ಟಿದ್ದ.

"ತೊಟ್ಟಿಲದಾಗಿನ ಮಾತಿನ ಪಾಳಿ ಬಂದೈತಿ," ಅಂದ. "ಅದು ನೀ ಆಡಿದ್ದಲ್ಲ, ನಾ ಆಡಿದ್ದಲ್ಲ. ನನ್ನ ಮಟ್ಟಿಗೆ ನಾ ವಿಚಾರ ಮಾಡೇನಿ."

"ಏನಂತ, ಮಾಮಾ?"

"ಮೊದಲ ನೀ ಹೇಳು. ನಾ ಹೇಳಿದ ಮ್ಯಾಲೆ ನೀ ಹೇಳಿದ್ರ, ಅದು ನಿನ್ನ ಮಾತು ಆಗಂಗಿಲ್ಲ."

ಹತ್ತೊಂಬತ್ತು ವರ್ಷದಲ್ಲಿ ನಿನಗೇನು ಬೇಕು ಎಂದು ನನ್ನನ್ನು ಕೇಳಿದವರು ಅವನೊಬ್ಬನೇ. ಕೇಳುತ್ತಾರೆ ಎಂದು ನಾನು ಅಂದುಕೊಂಡೂ ಇರಲಿಲ್ಲ. ಕೈಯಲ್ಲಿದ್ದ ಮೊರ ಓರೆಯಾಗಿ ಜೋಳವೆಲ್ಲ ಚೆಲ್ಲಿತು.

"ಒಲ್ಲೆ, ಮಾಮಾ."

ಅವನು ಸ್ವಲ್ಪ ಹೊತ್ತು ಚೆಲ್ಲಿದ ಕಾಳನ್ನು ಆರಿಸಿ ಆರಿಸಿ ಮೊರಕ್ಕೆ ಹಾಕಿದ. "ಯಾಕ ಅಂತ ಕೇಳಬಹುದೇನು?"

"ನಿನ್ನ ಜೋಡಿ ಬಾಳೇವು ಮಾಡಾಕ ಅಂಜಿಕಿ ಬರ್ತೈತಿ. ದಿನಾ ಬೆಳಗಾದ್ರ ಎಲ್ಲಾ ಹೊಸದಾಗಿ ವಿಚಾರ ಮಾಡಬೇಕು. ನನಗ ಅಷ್ಟು ಶಕ್ತಿ ಇಲ್ಲ."

"ಭೇಷ್," ಅಂದ. "ಇದು ನಿಂದs ಮಾತು." ನೀರು ಕೇಳಿದ. ಕುಡಿದ. ಇನ್ನೊಂದು ತಂಬಿಗೆ ಕೇಳಿದ, ಅದನ್ನೂ ಕುಡಿದ. ಆಮೇಲೆ ದನಿ ಇಳಿಸಿ ಹೇಳಿದ: "ನೀ ಬಾಯಿ ತಗೀಬ್ಯಾಡ. ಒಳಗ ಹೋಗಿ ನಾ ಒಲ್ಲೆ ಅಂತ ಹೇಳ್ತೀನಿ. ನನಗ ಹೆಂಗೂ ಹುಚ್ಚ ಅಂತ ಹೆಸರು ಐತಿ, ಅದರಾಗ ಇದೂ ಹೋಗ್ತೈತಿ. ನಿನಗ ಯಾವ ಹೆಸರೂ ಬ್ಯಾಡ."

ಎದ್ದು ಬಾಗಿಲವರೆಗೆ ಹೋದವನು ಚೌಕಟ್ಟು ಹಿಡಿದು ನಿಂತ. ತಿರುಗಿ ನನ್ನನ್ನು ನೋಡಿ, ಸಣ್ಣ ಹುಡುಗನ ಹಾಗೆ, "ನಮ್ಮವ್ವ ಭಾಳ ಅಳ್ತಾಳ" ಅಂದ. ಯಾವ ಸೋಮವಾರವೂ ಅವನು ಆ ಅಂಜಿಕೆಯನ್ನು ಮುಟ್ಟಿರಲಿಲ್ಲ. ಆಮೇಲೆ ಒಳಗೆ ಹೋದ.

ಆಯಿ ಅತ್ತಳು. ಮೂರು ವರ್ಷ ಮಗನ ಜೊತೆ ಮಾತು ಬಿಟ್ಟಳು. ಊಟದ ಗಂಗಾಳ ಅವನ ಮುಂದಿಟ್ಟು ಗೋಡೆಯ ಕಡೆ ಮುಖ ಮಾಡಿ ಕೂಡುತ್ತಿದ್ದಳಂತೆ. ಹುಚ್ಚ ಕೈಬಿಟ್ಟ ಪಾಪದ ಹುಡುಗಿ ಎಂದು ಊರೆಲ್ಲ ನನಗಾಗಿ ಮರುಗಿತು. ಆ ಮರುಕದಲ್ಲೇ ಯಲಬುರ್ಗಿಯ ಒಳ್ಳೆಯ ಮನೆತನವೊಂದು ನನ್ನನ್ನು ತುಂಬಿಸಿಕೊಂಡಿತು. ನನ್ನ ಗಂಡ ಸರಳ ಮನುಷ್ಯ, ಪಲ್ಲೆಗೆ ಉಪ್ಪು ಹೆಚ್ಚಾಗಿದೆಯೇ ಕಡಿಮೆಯೇ ಎನ್ನುವುದರಾಚೆಗೆ ಏನನ್ನೂ ಕೇಳಿದವನಲ್ಲ. ನಾನು ಸುಖವಾಗಿದ್ದೆ. ಮಾಮ ಮದುವೆಯಾಗಲಿಲ್ಲ. ಅವತ್ತು ಅವನ ವಿಚಾರ ಏನಾಗಿತ್ತೆಂದು ಅವನು ಹೇಳಲಿಲ್ಲ, ಕೇಳುವ ಧೈರ್ಯ ನನಗೆ ಬರಲಿಲ್ಲ.

ಅವ್ವ ಸಾಯುವವರೆಗೆ ತಮ್ಮನನ್ನು ಬೈದಳು. ನನ್ನ ಮನೆಯಲ್ಲೇ, ಅವನು ಉಣ್ಣಲು ಕೂತಾಗಲೇ, "ನನ್ನ ಬಂಗಾರದಂಥಾ ಮಗಳನ್ನ ಒಲ್ಲೆ ಅಂದಿ, ಪಾಪಿ" ಎನ್ನುತ್ತಿದ್ದಳು. ಅವನು ನನ್ನ ಕಡೆ ನೋಡದೆ ರೊಟ್ಟಿ ಮುರಿಯುತ್ತಿದ್ದ. ನಾನು ಬಗ್ಗಿ ಪಲ್ಲೆ ಬಡಿಸುತ್ತ, ಅವ್ವನ ಮಾತಿಗೆ ಹೂಂ ಎನ್ನುತ್ತಿದ್ದೆ. ಒಂದು ಸಲ ಅಲ್ಲ, ಎಷ್ಟೋ ಸಲ, ಹೂಂ ಅಂದಿದ್ದೇನೆ.

ಈಗ ಆಯಿ, ಅವ್ವ, ಮಾಮ ಯಾರೂ ಇಲ್ಲ. ಮಾಮಾ, ಒಲ್ಲೆ ಅಂದಾಕಿ ನಾನು. ಇವತ್ತ ಎಲ್ಲಾರ ಮುಂದ ಹೇಳಾಕತ್ತೀನಿ.