ಕೋಡಿ ಮರಳಿನಲ್ಲಿ ಬೆಂದ ಕೋಳಿ ಬಿಸ್ಕತ್ತು

ಬಿಸ್ಕತ್ತು ಮಾಡುವುದೇನು ಮಹಾ ವಿದ್ಯೆಯೇ? ಮೊಬೈಲಿನಲ್ಲಿ ಮೂರು ವಿಡಿಯೋ ನೋಡಿದ ಮೇಲೆ ನನಗೆ ಸಂಶಯವೇ ಉಳಿಯಲಿಲ್ಲ.

ಅಂದು ಸಂಜೆ ರಘು ಭಾವ ಕಡಲತೀರದ ಕೋಡಿಯಿಂದ ತಲ್ಲೂರಿನ ನಮ್ಮ ಮನೆಗೆ ಬರುವವರಿದ್ದರು. ನನ್ನ ಹೆಂಡತಿ ಗಿರಿಜೆಯ ಅಣ್ಣ. ಸ್ವಂತ ದೋಣಿ ಇರುವ ಮನುಷ್ಯ. ನಾಲ್ಕು ವರ್ಷದ ಹಿಂದೆ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ನಾನು, "ಭಾವನ ಮನಿ ಮೀನ್ ವಾಸ್ನಿ ತಲ್ಲೂರ್ ತನ್ಕ ಬತ್ತ್" ಎಂದು ಹಾಸ್ಯ ಮಾಡಿದ್ದೆ. ಎಲ್ಲರೂ ನಕ್ಕರು. ಭಾವ ನಗಲಿಲ್ಲ. ಅಂದಿನಿಂದ ನಮ್ಮ ಹೊಸ್ತಿಲು ತುಳಿಯಲೂ ಇಲ್ಲ. ಪ್ರತಿ ಚೌತಿಗೂ ಕಣ್ಣೀರು ಹಾಕುತ್ತಿದ್ದ ಗಿರಿಜೆ ಈ ಸಲ ಕಾಡಿ ಬೇಡಿ ಒಪ್ಪಿಸಿದ್ದಳು. ಬಾಯಿ ಮಾಡಿದ ತಪ್ಪನ್ನು ಕೈಯಡುಗೆಯಿಂದ ತೊಳೆಯುವುದೆಂದು ನಾನು ನಿಶ್ಚಯಿಸಿದೆ.

"ನೀರ್‌ದೋಸಿ, ಕೋಳಿ ಸುಕ್ಕ ನಾ ಮಾಡ್ತೆ. ನೀವ್ ಸುಮ್ನೆ ಕೂಕಣಿ ಮರ್ರೆ," ಎಂದಳು ಗಿರಿಜೆ.

ಸುಮ್ಮನೆ ಕೂರುವುದು ನನ್ನ ಜಾಯಮಾನವೇ? ಕುವೈತಿನಿಂದ ಬಂದ ಗೆಳೆಯ ಕೊಟ್ಟ ಡಬ್ಬಿ ಕೋಳಿಮಾಂಸ ಕಪಾಟಿನಲ್ಲಿತ್ತು. ಅದನ್ನು ಹಿಸುಕಿ, ಮೈದಾ, ಬೆಣ್ಣೆ, ಸುಕ್ಕದ ಮಸಾಲೆಪುಡಿ ಸೇರಿಸಿ ಕಲಸಿದೆ. ಓವನ್ ಇಲ್ಲದವರು ಕುಕ್ಕರಿಗೆ ಒಣ ಮರಳು ಹಾಕಿ, ಮೇಲೆ ತಟ್ಟೆಯಿಟ್ಟು ಬೇಯಿಸಬಹುದೆಂದು ವಿಡಿಯೋದಲ್ಲಿತ್ತು. ಬೆಳಿಗ್ಗೆಯೇ ಸ್ಕೂಟರಿನಲ್ಲಿ ಕೋಡಿಗೆ ಹೋಗಿ, ಇಡೀ ಕಡಲತೀರ ಸುತ್ತಿ, ಎಲ್ಲಕ್ಕಿಂತ ಒಣಗಿದ ಮರಳನ್ನೇ ಆರಿಸಿ ತಂದಿದ್ದೆ. ಆ ಜಾಗವೊಂದು ಮಾತ್ರ ಯಾಕೆ ಅಷ್ಟು ಒಣಗಿತ್ತೆಂದು ಯೋಚಿಸಬೇಕಿತ್ತು. ಅದು ಮೀನು ಒಣಗಿಸುವ ಜಾಗ!

ಕುಕ್ಕರ್ ಕಾದಂತೆ ಮರಳಿನೊಳಗಿನ ಚಿಪ್ಪುಗಳು ಪಟಪಟನೆ ಸಿಡಿದವು. ಆಮೇಲೆ ವಾಸನೆ ಎದ್ದಿತು. ಅಂತಿಂಥ ವಾಸನೆಯಲ್ಲ! ಆ ಮರಳ ಮೇಲೆ ಇದುವರೆಗೆ ಒಣಗಿದ ಬಂಗುಡೆ, ಸಿಗಡಿಗಳೆಲ್ಲ ಒಟ್ಟಾಗಿ ಎದ್ದು ಬಂದವು.

ಪಕ್ಕದ ಮನೆಯ ಶಾರದಕ್ಕ ಬೇಲಿಯಾಚೆಯಿಂದ ಕೂಗಿದರು. "ಹ್ವಾಯ್! ಎಂತ ಸುಡ್ತ್ರಿ ಮರ್ರೆ? ನಮ್ಮನಿ ಬೆಕ್ಕ್ ಕಟ್ಟಿ ಹಾಕ್ರೂ ನಿಲ್ತಿಲ್ಲೆ!"

ಕಿಟಕಿ ತೆರೆದೆ. ಊದುಬತ್ತಿ ಹಚ್ಚಿದೆ. ಅಷ್ಟರಲ್ಲಿ ಭಾವ ಬಂದೇ ಬಿಟ್ಟರು. ಹೊಸ್ತಿಲಲ್ಲೇ ನಿಂತು ಮೂಗು ಅರಳಿಸಿದರು. ಅವರ ಮುಖ ಕಪ್ಪಿಟ್ಟಿತು.

"ಇದ್ ನಂಗೆ ತಮಾಷಿ ಮಾಡೂಕಾ, ಭಾವ?"

ಗಿರಿಜೆಯ ಕಣ್ಣು ತುಂಬಿತು. ಇನ್ನು ಈ ಜನ್ಮದಲ್ಲಿ ಅಣ್ಣ ಬರುವುದಿಲ್ಲ ಎಂದು ಅವಳು ಅಂದುಕೊಂಡಳು, ನಾನೂ ಅಂದುಕೊಂಡೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೇರೆ ದಾರಿ ಕಾಣದೆ ಕುಕ್ಕರನ್ನೇ ತಂದು ಅವರ ಮುಂದಿಟ್ಟೆ.

ಭಾವ ಮರಳನ್ನು ನೋಡಿದರು. ನನ್ನ ಮೀಸೆಗೆ ಹತ್ತಿದ ಮೈದಾ ನೋಡಿದರು. ಒಂದು ಬಿಸ್ಕತ್ತು ಕಚ್ಚಿದರು. ಕರಕರ ಸದ್ದು ಅಂಗಳದ ತನಕ ಕೇಳಿತು.

"ಮೀನ್ ಒಣ್ಸು ಜಾಗದ್ ಮರಳಾ?"

"ಹೌದ್ ಭಾವ."

ಅವರು ಬಿಸ್ಕತ್ತನ್ನು ಮೆಲ್ಲನೆ ಕೆಳಗಿಟ್ಟು ತಂಗಿಯ ತಲೆ ಸವರಿದರು. "ಅಳ್ಬೇಡ ಹೆಣ್ಣೆ. ಇವ್ರ್ ಮೇಲ್ ನಾಲ್ಕ್ ವರ್ಷ ಸಿಟ್ಟ್ ಮಾಡ್ದದ್ ನನ್ದೇ ತಪ್ಪ್. ಸಿಟ್ಟ್ ಮಾಡೂಕೂ ಎದ್ರ್ ಇದ್ದವ್ರಿಗೆ ಒಂಚೂರ್ ಬುದ್ಧಿ ಇರ್ಕ್ ಅಲ್ದಾ?"

ಈಗ ಭಾವ ವಾರವಾರವೂ ತಾಜಾ ಮೀನು ಹಿಡಿದು ಬರುತ್ತಾರೆ. ಚೀಲವನ್ನು ಮಾತ್ರ ನನ್ನ ಕೈಗೆ ಕೊಡುವುದಿಲ್ಲ.